ಸೂಜಿ ಚುಚ್ಚುವ ಮೊದಲು ಕೇಳಬೇಕಿದ್ದ ಪ್ರಶ್ನೆ: ಮಡಿಕೇರಿಯ ಒಂದು ಪ್ರಯೋಗಾಲಯದ ಲಿಪಿಡ್ ತಪಾಸಣೆ

ನಾಪೋಕ್ಲು ಕಡೆಯ ಕಾಫಿ ತೋಟವೊಂದರಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ರೈಟರ್, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವನು, ಆಗಿದ್ದೇನೆ. ಕಳೆದ ಆಗಸ್ಟಿನಲ್ಲಿ ನಮ್ಮ ಸಾಹುಕಾರರ ಭಾವನವರಿಗೆ ಎದೆನೋವು ಬಂದು, ಮೈಸೂರಿಗೆ ಕರೆದೊಯ್ದು ಸ್ಟೆಂಟ್ ಹಾಕಿಸಿದ ಮೇಲೆ, ತೋಟದ ಕೆಲಸದವರಿಗೆಲ್ಲ ಒಮ್ಮೆ ರಕ್ತಪರೀಕ್ಷೆ ಮಾಡಿಸಬೇಕೆಂದು ಸಾಹುಕಾರರು ಮನಸ್ಸು ಮಾಡಿದರು. ನಲವತ್ತು ಜನರಿಗೆ ಒಟ್ಟಿಗೆ ಹಣ ಕಟ್ಟುವ ಮೊದಲು, ‘ರೈಟ್ರೇ, ಮೊದಲು ನೀವು ಮಾಡಿಸಿ ನೋಡಿ, ಆಮೇಲೆ ಹೇಳಿ’ ಎಂದು ನನ್ನನ್ನೇ ಮುಂದೆ ನಿಲ್ಲಿಸಿದರು. ಹಾಗಾಗಿ ಮಡಿಕೇರಿಯ ಖಾಸಗಿ ಪ್ರಯೋಗಾಲಯವೊಂದರ ‘ಹೃದಯ ತಪಾಸಣೆ’ ಎಂಬ ಪ್ಯಾಕೇಜನ್ನು ಸೆಪ್ಟೆಂಬರಿನಲ್ಲಿ ಒಮ್ಮೆ, ಅದರಲ್ಲಿನ ಲಿಪಿಡ್, ಅಂದರೆ ರಕ್ತದ ಕೊಬ್ಬಿನ, ಪರೀಕ್ಷೆಯನ್ನು ಮಾತ್ರ ಅಕ್ಟೋಬರಿನಲ್ಲಿ ಮತ್ತು ಈ ಏಪ್ರಿಲಿನಲ್ಲಿ ಮತ್ತೆರಡು ಸಲ ಮಾಡಿಸಿದ್ದೇನೆ. ಪ್ರಯೋಗಾಲಯದ ಹೆಸರನ್ನು ಬರೆಯುವುದಿಲ್ಲ. ಇಲ್ಲಿ ಹೇಳಹೊರಟ ಕೊರತೆ ಅವರೊಬ್ಬರದೇ ಎಂದು ನನಗೆ ತೋರುವುದಿಲ್ಲ; ಅಲ್ಲದೆ ಕೆಲಸ ಮಾಡುವ ಹುಡುಗರೆಲ್ಲ ನಮ್ಮ ಊರಿನವರೇ.

ನನ್ನ ವಿವರವನ್ನು ಮೊದಲೇ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನ ಅಂಕಿಗಳಿಗೆ ಅರ್ಥವಿರುವುದಿಲ್ಲ. ವಯಸ್ಸು ನಲವತ್ತೆಂಟು. ದಿನಕ್ಕೆ ಹತ್ತು ಹನ್ನೆರಡು ಸಿಗರೇಟು, ಇಪ್ಪತ್ತು ವರ್ಷಗಳಿಂದ. ಸಂಜೆ ಆಳುಗಳ ಹಾಜರಿಯ ಚೆಕ್‌ ರೋಲ್ ಬರೆದು ಮುಗಿಸಿದ ಮೇಲೆ ಎರಡು ಲಾರ್ಜ್ ರಮ್. ಮದುವೆ, ಹಬ್ಬ ಇದ್ದರೆ ಲೆಕ್ಕವಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಗಡಿಯಲ್ಲಿದೆ. ನಮ್ಮ ಜಿಲ್ಲೆಯಲ್ಲಿ ಇದು ವಿಶೇಷದ ಸಂಗತಿಯಲ್ಲ. ಮದುವೆ ಮನೆಯಲ್ಲಿ ಹಿರಿಯರ ಎದುರೇ ಗ್ಲಾಸು ಹಿಡಿಯುವ, ಕಾರಣವರಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಮೀದಿ ಎಂಬ ಎಡೆ ಇಡುವಾಗಲೂ ಮದ್ಯವನ್ನು ಇಡುವ ನಾಡಿದು. ಕುಡಿತವನ್ನು ಮುಚ್ಚಿಡಬೇಕಾದ ನಾಚಿಕೆ ಇಲ್ಲಿ ಕಡಿಮೆ. ಆದ್ದರಿಂದಲೇ, ಕೇಳಿದ್ದರೆ ನಾನು ಸತ್ಯವನ್ನೇ ಹೇಳುತ್ತಿದ್ದೆ.

ಮೊದಲು ಚೆನ್ನಾಗಿದ್ದುದನ್ನು ಹೇಳುತ್ತೇನೆ. ಪ್ಯಾಕೇಜಿಗೆ 1,499 ರೂಪಾಯಿ, ಮನೆಗೆ ಬಂದು ರಕ್ತ ತೆಗೆಯಲು 100 ರೂಪಾಯಿ ಹೆಚ್ಚು. ಸೆಪ್ಟೆಂಬರ್ 5ರ ಬೆಳಿಗ್ಗೆ, ಮಂಜು ಇನ್ನೂ ಸಿಲ್ವರ್ ಓಕ್ ಮರಗಳ ಸೊಂಟದವರೆಗೆ ಇರುವಾಗಲೇ, ಸಣ್ಣ ಮಳೆಯಲ್ಲಿ ನೆನೆಯುತ್ತ ಹುಡುಗ ಸ್ಕೂಟರಿನಲ್ಲಿ ಬಂದ. ಹೇಳಿದ್ದು ಏಳು ಗಂಟೆ, ಬಂದದ್ದು ಏಳಕ್ಕೆ ಐದು ನಿಮಿಷ ಇರುವಾಗ. ಬಂದವನೇ ಸೂಜಿ ಹೊರತೆಗೆಯಲಿಲ್ಲ. ಐದು ನಿಮಿಷ ಕುಳಿತುಕೊಳ್ಳಿ ಎಂದ. ಇದಕ್ಕೆ ಕಾರಣವಿದೆ: ನಿಂತಿರುವಾಗ ರಕ್ತದ ನೀರಿನಂಶ ಸ್ವಲ್ಪ ಅಂಗಾಂಶಗಳಿಗೆ ಇಳಿದು, ಉಳಿದ ರಕ್ತ ದಪ್ಪಗಾಗಿ, ಕೊಲೆಸ್ಟ್ರಾಲ್ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ತೋಳಿಗೆ ಪಟ್ಟಿಯನ್ನು ಬಹಳ ಹೊತ್ತು ಬಿಗಿದು ಇಟ್ಟರೂ ಹಾಗೆಯೇ ಆಗುತ್ತದೆ. ಅವನು ನರ ಸಿಕ್ಕಿದ ಕೂಡಲೇ ಪಟ್ಟಿ ಸಡಿಲಿಸಿದ. ಒಂದೇ ಚುಚ್ಚಿಗೆ ಕೆಲಸ ಮುಗಿಯಿತು. ಲಿಪಿಡ್ಡಿಗೆ ಹಳದಿ ಮುಚ್ಚಳದ ಟ್ಯೂಬು, ಸಕ್ಕರೆಗೆ ಬೂದು ಮುಚ್ಚಳದ್ದು. ಎರಡಕ್ಕೂ ನನ್ನ ಹೆಸರು, ವಯಸ್ಸು, ಸಮಯ ಬರೆದ ಚೀಟಿಯನ್ನು ನನ್ನ ಕಣ್ಣೆದುರೇ ಅಂಟಿಸಿ, ಐಸ್ ಇಟ್ಟ ಪೆಟ್ಟಿಗೆಯಲ್ಲಿ ಹಾಕಿಕೊಂಡ. ಕೈಚಳಕಕ್ಕೆ ಅಂಕ ಕೊಡುವುದಾದರೆ ಪೂರ್ತಿ ಕೊಡಬೇಕು.

ಆದರೆ ಅವನು ಕೇಳಿದ ಪ್ರಶ್ನೆ ಒಂದೇ: ‘ಸಾರ್, ಹನ್ನೆರಡು ಗಂಟೆಗಳಿಂದ ಏನೂ ತಿಂದಿಲ್ಲ ತಾನೇ?’ ತಿಂದಿರಲಿಲ್ಲ. ಹಿಂದಿನ ಸಂಜೆ ಏಳಕ್ಕೇ ಊಟ ಮುಗಿಸಿದ್ದೆ. ಊಟಕ್ಕೆ ಮೊದಲು ಎಂದಿನ ಎರಡು ಲಾರ್ಜ್ ಆಗಿತ್ತು ಎಂಬುದನ್ನಾಗಲಿ, ಅದರ ಹಿಂದಿನ ದಿನ, ಅಂದರೆ ಸೆಪ್ಟೆಂಬರ್ 3ರಂದು, ಕೈಲ್‌ಪೊಳ್ದಿನ ಹಬ್ಬದೂಟಕ್ಕೆ ಗೆಳೆಯರ ಕುಲದ ಹಿರಿಮನೆಯಾದ ಐನ್‌ಮನೆಗೆ ಹೋಗಿ ಪಂದಿ ಕರಿ, ಕಡಂಬುಟ್ಟಿನ ಜೊತೆ ರಾತ್ರಿ ಹನ್ನೊಂದರವರೆಗೆ ಕುಳಿತಿದ್ದೆ ಎಂಬುದನ್ನಾಗಲಿ, ಅವನು ಬರುವ ಮೊದಲು ಜಗಲಿಯಲ್ಲಿ ಎರಡು ಸಿಗರೇಟು ಸೇದಿದ್ದೆ ಎಂಬುದನ್ನಾಗಲಿ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಖಾಲಿ ಹೊಟ್ಟೆಯ ನಿಯಮ ಅನ್ನಕ್ಕೆ ಮಾತ್ರ ಸಂಬಂಧಿಸಿದ್ದೆಂದು ನಾನು ತಿಳಿದಿದ್ದೆ; ಹೊಗೆ ಹೊಟ್ಟೆಗೆ ಹೋಗುವುದಿಲ್ಲವಲ್ಲ.

ವರದಿ ಅದೇ ಸಂಜೆ ವಾಟ್ಸಾಪಿಗೆ ಬಂತು. ಹದಿನಾರು ಪುಟ, ಬಣ್ಣಬಣ್ಣದ್ದು, ಮೊದಲ ಪುಟದಲ್ಲಿ ಹೃದಯದ ಚಿತ್ರ. ಲಿಪಿಡ್ ಪುಟದಲ್ಲಿ ಇದ್ದುದು ಹೀಗೆ, ಎಲ್ಲವೂ 100 ಮಿಲಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿ: ಒಟ್ಟು ಕೊಲೆಸ್ಟ್ರಾಲ್ 238, ಅದಕ್ಕೆ ಕಿತ್ತಳೆ ಬಣ್ಣ, ರಕ್ತದಲ್ಲಿ ಓಡಾಡುವ ಕೊಬ್ಬಾದ ಟ್ರೈಗ್ಲಿಸರೈಡ್ 412, ಅದಕ್ಕೆ ಕೆಂಪು, ಒಳ್ಳೆಯ ಕೊಲೆಸ್ಟ್ರಾಲ್ ಎಂದು ಕರೆಯುವ ಎಚ್‌ಡಿಎಲ್ 52, ಅದಕ್ಕೆ ಹಸಿರು ಮತ್ತು ಪಕ್ಕದಲ್ಲಿ ಹೆಬ್ಬೆರಳೆತ್ತಿದ ಚಿತ್ರ, ಕೆಟ್ಟದ್ದೆನ್ನುವ ಎಲ್‌ಡಿಎಲ್ 104, ಅದಕ್ಕೂ ತಿಳಿಹಸಿರು. ಮರುದಿನ ಸಂಸ್ಥೆಯ ಆರೋಗ್ಯ ಸಲಹೆಗಾರ್ತಿಯೊಬ್ಬರು ಫೋನ್ ಮಾಡಿ, ತುಪ್ಪ, ತೆಂಗಿನಕಾಯಿ, ಹಂದಿಮಾಂಸ, ಮೊಟ್ಟೆಯ ಹಳದಿ ಕಡಿಮೆ ಮಾಡಿ ಎಂದು ಓದಿ ಹೇಳಿದಂತೆ ಹೇಳಿ, ಕೊನೆಯಲ್ಲಿ ‘ಆದರೆ ನಿಮ್ಮ ಒಳ್ಳೆಯ ಕೊಲೆಸ್ಟ್ರಾಲ್ ತುಂಬ ಚೆನ್ನಾಗಿದೆ ಸಾರ್, ಹಾಗೇ ಕಾಪಾಡಿಕೊಳ್ಳಿ’ ಎಂದು ಮೆಚ್ಚಿಕೊಂಡರು. ಆ ದಿನ ಸಂಜೆ ಆ ಮೆಚ್ಚುಗೆಯ ಸಂತೋಷಕ್ಕೆ ಒಂದು ಲಾರ್ಜ್ ಹೆಚ್ಚೇ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಆ ಹಸಿರು ಬಣ್ಣ ಏನನ್ನು ಹೇಳುತ್ತಿತ್ತು ಎಂಬುದು ತಿಳಿದದ್ದು, ವರದಿಯನ್ನು ನಮ್ಮ ಕಡೆಯ ಡಾಕ್ಟರಮ್ಮನ ಮುಂದೆ ಇಟ್ಟಾಗ. ಅವರು ಬಣ್ಣಗಳನ್ನು ನೋಡಲೇ ಇಲ್ಲ. ‘ರಕ್ತ ಕೊಡುವ ಮೂರು ದಿನ ಮೊದಲಿಂದ ಕುಡಿದಿರಾ?’ ಎಂದು ಕೇಳಿದರು. ಹೌದೆಂದೆ. ‘ದಿನವೂ?’ ಹೌದೆಂದೆ. ‘ಹಾಗಾದರೆ ಇದು ನಿಮ್ಮ ರಕ್ತದ ವರದಿಯಲ್ಲ, ನಿಮ್ಮ ಹಬ್ಬದ ವರದಿ’ ಎಂದರು.

ಅವರು ಬಿಡಿಸಿ ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡದ್ದನ್ನು ಸೇರಿಸಿ ಬರೆಯುತ್ತೇನೆ. ನಮ್ಮ 60 ಮಿಲಿಯ ಒಂದು ಲಾರ್ಜ್ ರಮ್ಮಿನಲ್ಲಿ, ಶೇಕಡಾ 42.8ರ ಲೆಕ್ಕ ಹಿಡಿದರೆ, ಸುಮಾರು 20 ಗ್ರಾಂ ಮದ್ಯಸಾರವಿರುತ್ತದೆ. ಒಂದೊಂದು ಗ್ರಾಮಿಗೂ 7 ಕ್ಯಾಲೊರಿ. ದೇಹ ಅದನ್ನು ಕೂಡಿಡಲಾರದು, ಆದ್ದರಿಂದ ಯಕೃತ್ತು ಉಳಿದ ಕೆಲಸಗಳನ್ನು ಬದಿಗಿಟ್ಟು ಮೊದಲು ಅದನ್ನು ಒಡೆಯಬೇಕು. ಒಡೆಯುವಾಗ ಯಕೃತ್ತಿನ ಜೀವಕೋಶಗಳಲ್ಲಿ ಎನ್‌ಎಡಿಎಚ್ ಎಂಬ ಅಣು ಬೇಕಾದುದಕ್ಕಿಂತ ಹೆಚ್ಚು ತುಂಬಿಕೊಳ್ಳುತ್ತದೆ. ಅದು ತುಂಬಿದಾಗ ಕೊಬ್ಬಿನಾಮ್ಲಗಳನ್ನು ಸುಡುವ ಕೆಲಸ ನಿಧಾನವಾಗಿ, ಅವನ್ನು ಜೋಡಿಸಿ ಟ್ರೈಗ್ಲಿಸರೈಡ್ ಮಾಡುವ ಕೆಲಸ ಚುರುಕಾಗುತ್ತದೆ. ತೋಟದ ಮಾತಿನಲ್ಲಿ ಹೇಳುವುದಾದರೆ, ಕೊಯ್ಲಿನ ದಿನ ಯಾರೋ ಹೊರಗಿನ ಹಣ್ಣನ್ನು ತಂದು ಪಲ್ಪರಿನ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ, ಬಾಯಿಗೆ ಸುರಿದರೆ, ನಮ್ಮ ಹಣ್ಣು ಮೂಟೆಯಲ್ಲೇ ಉಳಿಯುತ್ತದೆ. ಹಾಗೆ ಉಳಿದ ಕೊಬ್ಬಿನಲ್ಲಿ ಒಂದು ಪಾಲು ಯಕೃತ್ತಿನಲ್ಲೇ ಶೇಖರವಾಗಿ ಫ್ಯಾಟಿ ಲಿವರ್ ಆಗುತ್ತದೆ, ಇನ್ನೊಂದು ಪಾಲು ವಿಎಲ್‌ಡಿಎಲ್ ಎಂಬ ಕಣಗಳಾಗಿ ರಕ್ತಕ್ಕೆ ಬರುತ್ತದೆ. ಕೊಬ್ಬಿನ ಊಟದ ಜೊತೆ ಕುಡಿದರೆ ಊಟದ ಕೊಬ್ಬು ರಕ್ತದಿಂದ ಇಳಿದು ಹೋಗುವುದೂ ತಡವಾಗುತ್ತದೆ. ಹಂದಿಯ ಕೊಬ್ಬಿಗೆ ಕಾಚಂಪುಳಿ ಎಂಬ ಹುಳಿರಸ ಬಿದ್ದರೆ ಅದು ಹೊಟ್ಟೆಯಲ್ಲೇ ಕರಗಿ ಹೋಗುತ್ತದೆ ಎನ್ನುವುದು ನಮ್ಮ ಕಡೆಯ ಊಟದ ಪಂಕ್ತಿಯ ಮಾತು. ಕಾಚಂಪುಳಿಯಿಂದ ಪಂದಿ ಕರಿಗೆ ಬರುವ ಕಪ್ಪು ಬಣ್ಣ, ಹುಳಿಯ ರುಚಿಗೆ ನನ್ನ ಆಕ್ಷೇಪವಿಲ್ಲ, ಆದರೆ ನನ್ನ 412ರ ಮುಂದೆ ಅದು ಏನನ್ನೂ ಕರಗಿಸಿದಂತೆ ಕಾಣಲಿಲ್ಲ.

ಟ್ರೈಗ್ಲಿಸರೈಡ್ 150ಕ್ಕಿಂತ ಕೆಳಗಿದ್ದರೆ ಸರಿ, 200 ದಾಟಿದರೆ ಹೆಚ್ಚು, 500 ದಾಟಿದರೆ ಬಹಳ ಹೆಚ್ಚು. ಸಾವಿರದ ಆಚೆ ಹೋದರೆ ಹೃದಯದ ಮಾತಿಗೂ ಮೊದಲು ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಅಪಾಯವಾಗಬಹುದು; ಅಂಥವರ ರಕ್ತವನ್ನು ಟ್ಯೂಬಿನಲ್ಲಿ ತಿರುಗಿಸಿದಾಗ ಮೇಲೆ ನಿಲ್ಲುವ ತಿಳಿಯು ಹಾಲಿನಂತೆ ಬೆಳ್ಳಗೆ ಕಾಣುತ್ತದೆ.

ಇನ್ನು ಎಚ್‌ಡಿಎಲ್. ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದೂ, ಪ್ರಯೋಗಾಲಯದ ಮೇಲೆ ಹೆಚ್ಚು ಬೇಸರ ತರಿಸಿದ್ದೂ ಇದೇ. ಮದ್ಯ ಎಚ್‌ಡಿಎಲ್ಲನ್ನು ನಿಜಕ್ಕೂ ಏರಿಸುತ್ತದೆ. ಎಚ್‌ಡಿಎಲ್ ಕಣದ ಮುಖ್ಯ ಪ್ರೋಟೀನು ಹೆಚ್ಚು ತಯಾರಾಗುತ್ತದೆ, ಎಚ್‌ಡಿಎಲ್‌ನಿಂದ ಕೊಲೆಸ್ಟ್ರಾಲನ್ನು ಬೇರೆ ಕಣಗಳಿಗೆ ಸಾಗಿಸುವ ಸಿಇಟಿಪಿ ಎಂಬ ಪ್ರೋಟೀನಿನ ಚಟುವಟಿಕೆ ಇಳಿಯುತ್ತದೆ. ನಮ್ಮ ಕಡೆಯ ಕ್ಲಬ್ಬುಗಳಲ್ಲಿ ‘ದಿನಕ್ಕೆ ಎರಡು ಪೆಗ್ ಹೃದಯಕ್ಕೆ ಒಳ್ಳೆಯದು’ ಎಂಬ ಮಾತಿಗೆ ಸಿಗುವ ಒಂದು ಆಧಾರವೂ ಇದೇ. ಆದರೆ ಎಚ್‌ಡಿಎಲ್ ಏರಿದ ಮಾತ್ರಕ್ಕೆ ಹೃದಯ ಉಳಿಯುತ್ತದೆಯೇ ಎಂಬುದನ್ನು ಔಷಧಿ ಕಂಪನಿಗಳು ಕೋಟಿಗಟ್ಟಲೆ ಸುರಿದು ಪರೀಕ್ಷಿಸಿವೆ. ಅದೇ ಸಿಇಟಿಪಿಯನ್ನು ತಡೆಯುವ ಟಾರ್ಸೆಟ್ರಾಪಿಬ್ ಎಂಬ ಮಾತ್ರೆಯನ್ನು ಸುಮಾರು 15,000 ಜನರಲ್ಲಿ ಪ್ರಯೋಗಿಸಿದಾಗ ಎಚ್‌ಡಿಎಲ್ ಶೇಕಡಾ 72ರಷ್ಟು ಏರಿತು. ಆದರೆ ಮಾತ್ರೆ ತೆಗೆದುಕೊಂಡವರಲ್ಲೇ ಸಾವುಗಳು ಹೆಚ್ಚಾಗಿ, 2006ರ ಡಿಸೆಂಬರಿನಲ್ಲಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಆ ಮಾತ್ರೆಗೆ ರಕ್ತದೊತ್ತಡ ಏರಿಸುವ ಬೇರೆ ದೋಷವೂ ಇತ್ತು ಎಂಬುದು ನಿಜ, ಆದರೆ ನಿಯಾಸಿನ್ ಎಂಬ ವಿಟಮಿನ್ ಕೊಟ್ಟು ಎಚ್‌ಡಿಎಲ್ ಏರಿಸಿದ ದೊಡ್ಡ ಪ್ರಯೋಗಗಳಲ್ಲೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಹೆಚ್ಚಿನ ಲಾಭ ಸಿಗಲಿಲ್ಲ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಕುಡಿತದ ಪ್ರಮಾಣವೇ ಇಲ್ಲ ಎಂದು ಹೇಳಿತು. ಎಚ್‌ಡಿಎಲ್ ಎಂಬುದು ಕಸ ಒಯ್ಯುವ ಗಾಡಿ ಎಂದು ಎಲ್ಲರೂ ವಿವರಿಸುತ್ತಾರೆ. ಗಾಡಿಗಳನ್ನು ಎಣಿಸಿದರೆ ಕಸ ಎಷ್ಟು ಹೋಯಿತೆಂದು ತಿಳಿಯುವುದಿಲ್ಲ, ಅಷ್ಟೇ.

ಸಿಗರೇಟು ಇದರ ತಿರುಗುಮುರುಗು. ನಿಕೊಟಿನ್ ಮೈಗೆ ಸೇರಿದಾಗ ಅಡ್ರಿನಲಿನ್ ಹೊಮ್ಮಿ, ಶೇಖರವಾಗಿದ್ದ ಕೊಬ್ಬು ಕರಗಿ ಕೊಬ್ಬಿನಾಮ್ಲಗಳು ರಕ್ತಕ್ಕೆ ಬಿಡುಗಡೆಯಾಗುತ್ತವೆ. ಅವು ಯಕೃತ್ತಿಗೆ ಹೋಗಿ ಮತ್ತೆ ವಿಎಲ್‌ಡಿಎಲ್ ಆಗಿ ಹೊರಬರುತ್ತವೆ. ಹೀಗೆ ಟ್ರೈಗ್ಲಿಸರೈಡನ್ನು ಹೊಗೆಯೂ ಏರಿಸುತ್ತದೆ, ಮದ್ಯವೂ ಏರಿಸುತ್ತದೆ. ಎಚ್‌ಡಿಎಲ್ಲನ್ನಾದರೋ ಹೊಗೆ ಇಳಿಸುತ್ತದೆ. ಅಲ್ಲಿಯವರೆಗೆ ಪ್ರಕಟವಾಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 1989ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಸೇದದವರಿಗೆ ಹೋಲಿಸಿದರೆ ಸೇದುವವರಲ್ಲಿ ಒಟ್ಟು ಕೊಲೆಸ್ಟ್ರಾಲ್ ಶೇಕಡಾ 3, ಎಲ್‌ಡಿಎಲ್ 1.7, ಟ್ರೈಗ್ಲಿಸರೈಡ್ 9.1ರಷ್ಟು ಹೆಚ್ಚಿತ್ತು, ಎಚ್‌ಡಿಎಲ್ 5.7ರಷ್ಟು ಕಡಿಮೆಯಿತ್ತು. ಅಂಕಿಗಳು ಸಣ್ಣವೇ. ಆದರೆ ಹೊಗೆಯ ದೊಡ್ಡ ಕೆಡುಕು ಲಿಪಿಡ್ ಪುಟದಲ್ಲಿ ಕಾಣುವಂಥದ್ದಲ್ಲ: ಅದು ಇದ್ದ ಎಲ್‌ಡಿಎಲ್ಲನ್ನೇ ಆಕ್ಸಿಡೀಕರಿಸಿ, ರಕ್ತನಾಳದ ಒಳಪೊರೆಯನ್ನು ಗಾಯಗೊಳಿಸಿ, ರಕ್ತ ಹೆಪ್ಪುಗಟ್ಟುವುದನ್ನು ಸುಲಭ ಮಾಡುತ್ತದೆ. ಎಲ್ಲ ಸಾಲುಗಳೂ ಹಸಿರಾಗಿರುವ ವರದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒಬ್ಬ ಸೇದುವವನು ಎದೆ ಹಿಡಿದುಕೊಂಡು ಕೂರಬಹುದು.

ಈಗ ನನ್ನ 52ನ್ನು ನೋಡಿ. ಹೊಗೆ ಅದನ್ನು ಕೆಳಕ್ಕೆ ಎಳೆಯುತ್ತಿತ್ತು, ರಮ್ ಮೇಲಕ್ಕೆ ಎತ್ತುತ್ತಿತ್ತು. ಎರಡು ಕೆಟ್ಟ ಚಟಗಳು ಒಂದನ್ನೊಂದು ಸರಿದೂಗಿಸಿ ಕಾಗದದ ಮೇಲೆ ಒಬ್ಬ ಸಂಭಾವಿತನನ್ನು ನಿಲ್ಲಿಸಿದ್ದವು. ಹೆಬ್ಬೆರಳೆತ್ತಿ ಮೆಚ್ಚಿದ್ದು ನನ್ನ ರಮ್ಮನ್ನು.

ಎಲ್‌ಡಿಎಲ್‌ನ 104ರ ಕಥೆ ಇನ್ನೂ ಬೇರೆ, ಮತ್ತು ಇಲ್ಲಿ ತಪ್ಪು ಪೂರ್ತಿಯಾಗಿ ಪ್ರಯೋಗಾಲಯದ್ದು. ಹೆಚ್ಚಿನ ಕಡೆ ಎಲ್‌ಡಿಎಲ್ಲನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. 1972ರಲ್ಲಿ ಫ್ರೀಡೆವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರದಂತೆ, ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ಲನ್ನೂ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದರೆ ಉಳಿಯುವುದು ಎಲ್‌ಡಿಎಲ್. 238ರಲ್ಲಿ 52 ಮತ್ತು 82 ಕಳೆಯಿರಿ, 104 ಬಂತು. ಆದರೆ ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರವನ್ನು ಬಳಸಬಾರದು ಎಂಬುದು ಸೂತ್ರದ ಜೊತೆಗೇ ಹುಟ್ಟಿದ ಷರತ್ತು, ಯಾಕೆಂದರೆ ಆಗ ಎಲ್‌ಡಿಎಲ್ ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಅಂಥ ಸಂದರ್ಭದಲ್ಲಿ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವ ಪರೀಕ್ಷೆ ಮಾಡಬೇಕು, ಇಲ್ಲವಾದರೆ ಆ ಜಾಗವನ್ನು ಖಾಲಿ ಬಿಡಬೇಕು. ಇವರು ಎರಡನ್ನೂ ಮಾಡದೆ ಸುಳ್ಳು ಅಂಕಿಗೆ ತಿಳಿಹಸಿರು ಬಣ್ಣ ಬಳಿದು ಕಳುಹಿಸಿದ್ದರು. ನಾನು ಚೆಕ್‌ ರೋಲಿನಲ್ಲಿ ಗೈರುಹಾಜರಾದ ಆಳಿಗೆ ಹೀಗೆ ಹಾಜರಿ ಹಾಕಿದ್ದರೆ ಸಾಹುಕಾರರು ಆ ದಿನವೇ ನನ್ನ ಲೆಕ್ಕ ಚುಕ್ತಾ ಮಾಡುತ್ತಿದ್ದರು.

ಮಡಿಕೇರಿಗೆ ಹೋದಾಗ ಇದನ್ನು ಅಲ್ಲಿಯ ಮೇಲ್ವಿಚಾರಕರಿಗೆ ಹೇಳಿದೆ. ಸಮಾಧಾನದಿಂದ ಕೇಳಿದರು, ಬಣ್ಣ ಹಾಕುವುದು ಯಂತ್ರ, ವರದಿಯ ನಮೂನೆ ಬರುವುದು ಮುಖ್ಯ ಕಚೇರಿಯಿಂದ ಎಂದರು. ಮುಂದಿನ ಲಿಪಿಡ್ ಪರೀಕ್ಷೆಯನ್ನು ಅರ್ಧ ದರಕ್ಕೆ ಮಾಡಿಕೊಡುವುದಾಗಿ ಹೇಳಿ, ಹಾಗೆಯೇ ನಡೆದುಕೊಂಡರು. 550 ರೂಪಾಯಿಯ ಪರೀಕ್ಷೆಗೆ 275 ತೆಗೆದುಕೊಂಡರು. ಮಾತಿನ ನಯಕ್ಕೆ, ಕೊಟ್ಟ ಮಾತಿಗೆ ಕೊರತೆ ಇಲ್ಲ.

ಎರಡನೆಯ ಪರೀಕ್ಷೆ ಅಕ್ಟೋಬರಿನಲ್ಲಿ, ಕಾವೇರಿ ಸಂಕ್ರಮಣಕ್ಕೆ ಐದು ದಿನ ಮೊದಲು. ಅಷ್ಟರಲ್ಲಿ ಐದು ವಾರ ನಾನು ಒಂದು ತೊಟ್ಟೂ ಕುಡಿದಿರಲಿಲ್ಲ. ಸಿಗರೇಟು ಮಾತ್ರ ಎಂದಿನಂತೆ ಇತ್ತು, ಎರಡನ್ನೂ ಒಮ್ಮೆಲೇ ಬಿಡುವಷ್ಟು ಗಟ್ಟಿಗ ನಾನಲ್ಲ. ಊಟದಲ್ಲಿ ದೊಡ್ಡ ಬದಲಾವಣೆ ಮಾಡಿರಲಿಲ್ಲ. ಟ್ರೈಗ್ಲಿಸರೈಡ್ 412ರಿಂದ 196ಕ್ಕೆ ಇಳಿದಿತ್ತು. ಎಚ್‌ಡಿಎಲ್ 52ರಿಂದ 44ಕ್ಕೆ ಇಳಿದಿತ್ತು. ಒಟ್ಟು ಕೊಲೆಸ್ಟ್ರಾಲ್ 221. ಎಲ್‌ಡಿಎಲ್ ಮಾತ್ರ 104ರಿಂದ 138ಕ್ಕೆ ಏರಿತ್ತು! ವರದಿಯಲ್ಲಿ ಹೋದ ಸಲ ಹಸಿರಾಗಿದ್ದ ಎರಡು ಸಾಲುಗಳ ಪೈಕಿ ಒಂದು ಮಂಕಾಗಿ, ಇನ್ನೊಂದು ಕಿತ್ತಳೆಯಾಗಿತ್ತು. ‘ರೈಟ್ರೇ, ನೀವು ಕುಡಿಯದೆ ಕೆಟ್ಟಿರಿ’ ಎಂದು ಗೆಳೆಯರು ನಕ್ಕರು. ಸಲಹೆಗಾರ್ತಿ ಈ ಸಲ ಫೋನಿನಲ್ಲಿ ಗಾಬರಿಯ ದನಿಯಲ್ಲಿ, ಜೀವನಶೈಲಿಯಲ್ಲಿ ಏನಾದರೂ ಹದಗೆಟ್ಟಿದೆಯೇ ಎಂದು ವಿಚಾರಿಸಿದರು. ಕುಡಿತ ಬಿಟ್ಟಿದ್ದೇನೆ ಎಂದೆ. ಆ ಕಡೆಯಿಂದ ಒಂದು ಕ್ಷಣ ಮೌನ. ಅವರ ಹಾಳೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲವೆಂದು ಕಾಣುತ್ತದೆ.

ಡಾಕ್ಟರಮ್ಮ ನಗದೆ ಒಂದು ಚೀಟಿಯ ಮೇಲೆ ಎರಡು ಕಳೆಯುವ ಲೆಕ್ಕ ಮಾಡಿ ತೋರಿಸಿದರು. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ಲನ್ನು ಮಾತ್ರ ಕಳೆದರೆ ಬರುವುದಕ್ಕೆ ನಾನ್-ಎಚ್‌ಡಿಎಲ್ ಎನ್ನುತ್ತಾರೆ. ರಕ್ತನಾಳದ ಗೋಡೆಗೆ ಸೇರಬಲ್ಲ ಕಣಗಳಲ್ಲಿರುವ ಕೊಲೆಸ್ಟ್ರಾಲೆಲ್ಲ ಅದರಲ್ಲಿ ಬಂತು, ಟ್ರೈಗ್ಲಿಸರೈಡಿನ ಊಹೆ ಅದಕ್ಕೆ ಬೇಕಿಲ್ಲ. ಸೆಪ್ಟೆಂಬರಿನಲ್ಲಿ ಅದು 186, ಅಕ್ಟೋಬರಿನಲ್ಲಿ 177. ಅಂದರೆ ಎಲ್‌ಡಿಎಲ್ ನಿಜಕ್ಕೂ ಏರಿತ್ತೆಂದು ಹೇಳಲು ಬರುವುದಿಲ್ಲ, ಮೊದಲ ಅಂಕಿಯನ್ನು ನಂಬಲಾಗದ್ದರಿಂದ ಎರಡನ್ನು ಹೋಲಿಸುವುದೇ ತಪ್ಪು. ಒಟ್ಟಾರೆ ಹೊರೆ ಇಳಿದಿತ್ತು. ಈ ನಾನ್-ಎಚ್‌ಡಿಎಲ್ ಎಂಬ ಸಾಲು ವರದಿಯಲ್ಲಿ ಎರಡೂ ಸಲ ಇತ್ತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೆ ಅದು ಒಂಬತ್ತನೆಯ ಪುಟದ ಅಡಿಯಲ್ಲಿ, ಬಣ್ಣವಿಲ್ಲದೆ, ಸಣ್ಣ ಅಕ್ಷರದಲ್ಲಿ ಇತ್ತು. ಹದಿನಾರು ಪುಟಗಳಲ್ಲಿ ನನಗೆ ಉಪಯೋಗಕ್ಕೆ ಬಂದ ಸಾಲು ಅದೊಂದೇ.

ಸಿಗರೇಟು ಬಿಟ್ಟದ್ದು ನಮ್ಮ ಸುಗ್ಗಿಯ ಹಬ್ಬವಾದ ಹುತ್ತರಿಯ ಮರುದಿನ. (ಹುತ್ತರಿಯ ರಾತ್ರಿ ಕದಿರು ತೆಗೆದ ಮೇಲೆ ಎರಡು ಲಾರ್ಜ್ ಆಗಿತ್ತು, ಒಪ್ಪಿಕೊಳ್ಳುತ್ತೇನೆ, ಅದಾದ ಮೇಲೆ ಇಲ್ಲ.) ಬಿಟ್ಟ ಮೊದಲ ಎರಡು ತಿಂಗಳಲ್ಲಿ ಮೂರು ಕಿಲೋ ತೂಕ ಏರಿತು, ಬಾಯಿ ಖಾಲಿ ಅನ್ನಿಸಿದಾಗಲೆಲ್ಲ ಬೆಲ್ಲದ ಕಾಫಿ ಬೇಕೆನಿಸುತ್ತಿತ್ತು. ಕಾಫಿಯ ನಾಡಿನವರಿಗೆ ಒಂದು ಮಾತು: ಪುಡಿಯನ್ನು ನೀರಿನಲ್ಲಿ ಕುದಿಸಿ ಸೋಸದೆ ಕುಡಿಯುವ ಕಾಫಿಯಲ್ಲಿ ಕೆಫೆಸ್ಟಾಲ್ ಎಂಬ ಎಣ್ಣೆಯಂಶ ಉಳಿದು ಕೊಲೆಸ್ಟ್ರಾಲ್ ಏರಿಸುತ್ತದೆ, ಕಾಗದದ ಸೋಸಿನಲ್ಲಿ ಇಳಿಸಿದರೆ ಅದರಲ್ಲಿ ಹೆಚ್ಚಿನದು ಕಾಗದದಲ್ಲೇ ನಿಲ್ಲುತ್ತದೆ. ಹಾಗೆಯೇ ಮಡಿಕೇರಿ ಪೇಟೆಯಲ್ಲಿ ಸಾಲುಸಾಲಾಗಿ ಮಾರುವ ಹೋಂ ಮೇಡ್ ವೈನನ್ನು ಹಣ್ಣಿನ ರಸವೆಂದು ತಿಳಿದು ಕುಡಿಯುವವರು ಬಹಳ. ಅದರಲ್ಲಿ ಮದ್ಯಸಾರವೂ ಇದೆ, ಸಕ್ಕರೆಯೂ ಇದೆ. ಟ್ರೈಗ್ಲಿಸರೈಡ್ ಏರಿಸಲು ಎರಡೂ ಸಮರ್ಥ.

ಏಪ್ರಿಲ್ ಕೊನೆಯಲ್ಲಿ, ರೊಬಸ್ಟಾ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಮೂರನೆಯ ಪರೀಕ್ಷೆ ಮಾಡಿಸಿದೆ. ಒಟ್ಟು ಕೊಲೆಸ್ಟ್ರಾಲ್ 212, ಟ್ರೈಗ್ಲಿಸರೈಡ್ 161, ಎಚ್‌ಡಿಎಲ್ 48, ಎಲ್‌ಡಿಎಲ್ 132, ನಾನ್-ಎಚ್‌ಡಿಎಲ್ 164. ಸಿಗರೇಟು ಬಿಟ್ಟವರಲ್ಲಿ ಎಚ್‌ಡಿಎಲ್ ಕೆಲವೇ ಅಂಕಿಗಳಷ್ಟು ಏರುತ್ತದೆಂದು ಓದಿದ್ದೆ. ತೂಕ ಏರಿದರೂ ನನ್ನದು ನಾಲ್ಕು ಅಂಕಿ ಏರಿತು. ರಮ್ ಕೊಟ್ಟಿದ್ದ 52ಕ್ಕಿಂತ ಈ 48 ಕಡಿಮೆ. ವರದಿಯನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ, ಎರಡೂ ಚಟ ಬಿಟ್ಟ ಮೇಲೆ ನನ್ನ ಒಳ್ಳೆಯ ಕೊಲೆಸ್ಟ್ರಾಲ್ ಕೆಟ್ಟಿದೆ ಎಂದೇ ತೋರುತ್ತದೆ. ಎಲ್‌ಡಿಎಲ್‌ಗೆ ಮಾತ್ರೆ ಬೇಕೋ ಬೇಡವೋ ಎಂಬುದನ್ನು ಡಾಕ್ಟರಮ್ಮ ಇನ್ನೂ ಮೂರು ತಿಂಗಳು ನೋಡಿ ಹೇಳುತ್ತೇನೆಂದಿದ್ದಾರೆ. ವಯಸ್ಸು, ರಕ್ತದೊತ್ತಡ, ಇಪ್ಪತ್ತು ವರ್ಷ ಸೇದಿದ್ದು, ಎಲ್ಲವನ್ನೂ ಸೇರಿಸಿ ತೂಗಬೇಕಾದ ಆ ತೀರ್ಮಾನ ಬಣ್ಣದ ಪಟ್ಟಿಯಿಂದ ಹುಟ್ಟುವಂಥದ್ದಲ್ಲ.

ಹಾಗಾದರೆ ಈ ಸೇವೆಗೆ ಹಣ ಕೊಡಬಹುದೇ ಎಂದರೆ, ಲಿಪಿಡ್ ಪರೀಕ್ಷೆಯೊಂದಕ್ಕೆ ಕೊಡಬಹುದು, ಪ್ಯಾಕೇಜಿಗೆ ಬೇಡ. ರಕ್ತ ತೆಗೆಯುವ ಕೈ ಚೆನ್ನಾಗಿದೆ, ಸಮಯಪಾಲನೆ ಚೆನ್ನಾಗಿದೆ, ವರದಿ ಬೇಗ ಬರುತ್ತದೆ. ಅಂಕಿಗಳನ್ನು ಡಾಕ್ಟರರ ಹತ್ತಿರ ಒಯ್ಯಿರಿ, ಬಣ್ಣಗಳನ್ನು ಬಿಟ್ಟುಬಿಡಿ, ಫೋನಿನ ಸಲಹೆಯನ್ನು ಕೇಳಿ ಇಟ್ಟುಬಿಡಿ. ರಕ್ತ ಕೊಡುವ ಮೊದಲು ಕನಿಷ್ಠ ಮೂರು ದಿನ ಕುಡಿಯಬೇಡಿ, ಹಬ್ಬ ಮದುವೆಗಳ ಮರುವಾರ ಕೊಡಬೇಡಿ, ಬೆಳಿಗ್ಗೆ ಸಿಗರೇಟು ಹಚ್ಚಬೇಡಿ. ಕುಡಿದಿದ್ದರೆ ಕೇಳದಿದ್ದರೂ ಹೇಳಿ, ಚೀಟಿಯ ಮೇಲೆ ಬರೆಸಿ. ಐದು ನಕ್ಷತ್ರಗಳಲ್ಲಿ ನಾನು ಕೊಡುವುದು ಮೂರು, ಅದರಲ್ಲಿ ಎರಡು ಸ್ಕೂಟರಿನ ಹುಡುಗನಿಗೆ.

ಆಳುಗಳ ತಪಾಸಣೆಯ ವಿಷಯದಲ್ಲಿ ಸಾಹುಕಾರರಿಗೆ ನಾನು ಹೇಳಿದ್ದು ಬೇರೆ. 2007ರಲ್ಲಿ ಸಾರಾಯಿ ನಿಷೇಧವಾದ ಮೇಲೆ ನಮ್ಮ ಆಳುಗಳ ಲೈನ್ ಮನೆಗಳಿಗೆ ಸಾರಾಯಿಯ ಬದಲು ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂತು, ಬೀಡಿ ಮೊದಲಿನಿಂದಲೂ ಇದೆ. ಬಟವಾಡೆಯ ಮರುದಿನ ನಲವತ್ತು ಜನರ ರಕ್ತ ತೆಗೆದರೆ ನಮಗೆ ಸಿಗುವುದು ಬಟವಾಡೆಯ ಲಿಪಿಡ್. ಅದರಲ್ಲಿ ಎಷ್ಟು ಜನರಿಗೆ ಕುಡಿತದಿಂದಲೇ ಏರಿದ ಎಚ್‌ಡಿಎಲ್‌ಗೆ ಹಸಿರು ಬಣ್ಣ ಬಂದು, ‘ನೋಡಿ, ನನ್ನದು ಚೆನ್ನಾಗಿದೆ’ ಎಂದು ಅವರು ನನಗೇ ತೋರಿಸಲು ಬರುತ್ತಾರೋ! ಬಟವಾಡೆಗೆ ಮೊದಲಿನ ವಾರ, ಪ್ರತಿಯೊಬ್ಬರ ಹೆಸರಿನ ಮುಂದೆ ಕುಡಿತ, ಹೊಗೆಯ ಎರಡು ಕಾಲಂ ಇರುವ ಹಾಳೆಯನ್ನು ಪ್ರಯೋಗಾಲಯ ತುಂಬಿಸಿಕೊಳ್ಳುವುದಾದರೆ ಮಾತ್ರ ಕರೆಸೋಣ ಎಂದೆ.

ಅದನ್ನು ಪ್ರಯೋಗಾಲಯದವರಿಗೆ ತಿಳಿಸಿಯೂ ಆಗಿತ್ತು. ಏಪ್ರಿಲಿನಲ್ಲಿ ಅದೇ ಹುಡುಗ ಬಂದಾಗ ಅವನ ಕೈಯಲ್ಲಿ ನಿಜಕ್ಕೂ ಹೊಸ ಚೀಟಿ ಇತ್ತು: ಕಳೆದ 72 ಗಂಟೆಗಳಲ್ಲಿ ಮದ್ಯಪಾನ, ಹೌದು ಅಥವಾ ಇಲ್ಲ, ಧೂಮಪಾನ, ಹೌದು ಅಥವಾ ಇಲ್ಲ. ನನಗೆ ಸಂತೋಷವಾಯಿತು. ಅವನು ಜಗಲಿಯ ಕಟ್ಟೆಯ ಮೇಲೆ ಕುಳಿತು, ನನ್ನ ಹೆಸರು ಬರೆದು, ತಲೆ ಎತ್ತದೆ ಎರಡೂ ಕಡೆ ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿ, ಸಹಿಗೆ ನನ್ನ ಕಡೆ ಚಾಚಿದ. ‘ಕೇಳದೆ ಬರೆದೆಯಲ್ಲಪ್ಪ’ ಎಂದೆ.

‘ಎಲ್ಲರೂ ಇಲ್ಲ ಅಂತಲೇ ಹೇಳುವುದು ಸಾರ್’ ಎಂದು ಅವನು ತೋಳಿಗೆ ಪಟ್ಟಿ ಕಟ್ಟಿದ.